ಬೆನ್ನು ತೋರಿಸದೆ ಸೋತ ಕಸೂತಿ

ಧಾರವಾಡದ ಒಂದು ಮನೆಯ ಅತ್ತೆ-ಸೊಸೆ ಎರಡು ವರ್ಷ ಒಂದೇ ಜಾತ್ರೆಯ ಕರಕುಶಲ ಸ್ಪರ್ಧೆಗೆ ಕಸೂತಿ ಕೊಟ್ಟರು. ಅದರ ಕತೆ ಇದು. ಅವರ ಹೆಸರು, ಓಣಿ, ಜಾತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಸೊಸೆಯನ್ನು ಅಕ್ಕ, ಅತ್ತೆಯನ್ನು ಆಯಿ ಅಂತ ಬರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೇ. ಅಕ್ಕ ಇರುವ ಸ್ವಸಹಾಯ ಸಂಘದಲ್ಲಿ ನಾನು ಲೆಕ್ಕ ಬರೆಯುವವಳು. ಮೊದಲನೇ ವರ್ಷದ ದೊಡ್ಡ ತಪ್ಪಿನಲ್ಲಿ ನನ್ನ ಪಾಲೇ ಜಾಸ್ತಿ. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಹಿನ್ನೆಲೆ

ಅಕ್ಕನಿಗೆ ನಲವತ್ತು ದಾಟಿದೆ. ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಬ್ಲೌಸ್ ಹೊಲಿಯುವುದು ಅವರ ಕೆಲಸ. ಆಯಿಗೆ ಎಪ್ಪತ್ತರ ಮೇಲೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕಸೂತಿ ಕಲಿತವರು. ತಮ್ಮ ಮದುವೆಯ ಕರಿ ಚಂದ್ರಕಾಳಿ ಸೀರೆಯ ಸೆರಗಿಗೆ ತಾವೇ ಕಸೂತಿ ಹಾಕಿಕೊಂಡಿದ್ದರಂತೆ. ಆ ಸೀರೆ ಈಗಲೂ ಟ್ರಂಕಿನಲ್ಲಿದೆ. ಸೆರಗಿನ ಹತ್ತಿರ ದೊಡ್ಡ ದೊಡ್ಡ ತೇರು, ಗೋಪುರ, ಆನೆ. ಸೆರಗಿನಿಂದ ದೂರ ಹೋದ ಹಾಗೆ ಚಿತ್ರ ಸಣ್ಣ ಆಗುತ್ತಾ ಹೋಗಿ ಕೊನೆಗೆ ಬರೀ ಚುಕ್ಕಿಯಂಥ ಹೂವು. ಹಳೆಯ ಕಸೂತಿ ಸೀರೆಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇರುತ್ತವೆ.

ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದರಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಕಾರ್ಬನ್ ಇಲ್ಲ, ಪೆನ್ಸಿಲ್ ಇಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಹೊಲಿಗೆ ನಾಲ್ಕು ಥರ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತಾ ಹೋಗುತ್ತಾರೆ, ವಾಪಸ್ ಬರುವಾಗ ಆ ಖಾಲಿಗಳನ್ನು ತುಂಬುತ್ತಾ ಬರುತ್ತಾರೆ. ಹಾಗಾಗಿ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಅಷ್ಟೇ, ಎರಡೂ ಕಡೆ ಒಂದೇ. ನೇಗಿ ಮಾತ್ರ ನೇಯ್ಗೆಯ ಥರ, ಹಿಂದೆ ಉಲ್ಟಾ ಬೀಳುತ್ತದೆ. ಮೆಂತಿ ಅಂದರೆ ಮೆಂತ್ಯದ ಕಾಳಿನ ಹಾಗೆ ಒತ್ತೊತ್ತಾಗಿ, ಗುಣಾಕಾರದ ಗುರುತಿನ ಥರ ಒಂದರ ಮೇಲೊಂದು ದಾಟಿಸಿ ತುಂಬುವ ಹೊಲಿಗೆ. ಅದರ ಹಿಂಬದಿಯೂ ಮುಂದಿನ ಥರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ.

ಆಯಿಯ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಎಳೆ ಎಣಿಸುವುದು ಆಗುವುದಿಲ್ಲ. ಅವರು ಕಟ್ಟೆ ಮೇಲೆ ಕೂತು ಬಾಯಲ್ಲಿ ಹೇಳುತ್ತಾರೆ: ನಾಕು ಎಣಸು, ಮ್ಯಾಲ ಹೋಗು, ನಾಕು ಎಣಸು, ಬಲಕ್ಕ ಹೊಳ್ಳು. ಅಕ್ಕ ಹೊಲಿಯುತ್ತಾರೆ. ಚಿತ್ರ ಯಾವ ಪುಸ್ತಕದಲ್ಲೂ ಇಲ್ಲ, ಪೂರ್ತಿ ಆಯಿಯ ತಲೆಯಲ್ಲಿದೆ.

ಮೊದಲ ವರ್ಷ

ಆ ಜಾತ್ರೆಯಲ್ಲಿ ಮೂರು ದಿನ ಪ್ರದರ್ಶನ ಇರುತ್ತದೆ. ಕೌದಿ, ಕ್ರೋಶಾ, ಮಣ್ಣಿನ ಗೊಂಬೆ, ಕಸೂತಿ, ಇತರೆ ಎಂಬ್ರಾಯ್ಡರಿ ಅಂತ ವಿಭಾಗಗಳು. ಅರ್ಜಿ ತಂದುಕೊಟ್ಟವಳು ನಾನೇ. ದಸರೆ ಮುಗಿದ ಮೇಲೆ ಶುರು ಮಾಡಿ ಎರಡೂವರೆ ತಿಂಗಳು ಕೂತು ಕರಿ ರೇಷ್ಮೆ ಬಟ್ಟೆ ಮೇಲೆ ಒಂದು ತೇರು, ಅದರ ಎರಡೂ ಬದಿಗೆ ಆನೆ, ಕೆಳಗೆ ತುಳಸಿಕಟ್ಟೆಯ ಸಾಲು ಹಾಕಿದರು. ಕರಿ ಬಟ್ಟೆ ಮೇಲೆ ಎಳೆ ಎಣಿಸುವುದು ಎಂಥ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅಕ್ಕ ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಂಡು, ಅದರ ಮೇಲೆ ಬಟ್ಟೆ ಹಿಡಿದು, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಿಸಿಲು ಅಂಗಳಕ್ಕೆ ಬರುವಾಗ ಮಾತ್ರ ಹೊಲಿಯುತ್ತಿದ್ದರು.

ಕೆಲಸ ಮುಗಿದಾಗ ಬಟ್ಟೆ ನಿಜಕ್ಕೂ ಚೆಂದ ಇತ್ತು. ಇಷ್ಟು ಚೆಂದದ್ದನ್ನು ಹಾಗೇ ಕೊಟ್ಟರೆ ಮುದುಡಿ ಹೋಗುತ್ತದೆ, ಧೂಳಾಗುತ್ತದೆ, ಕಟ್ಟು ಹಾಕಿಸೋಣ ಅಂದೆ. ಹುಬ್ಬಳ್ಳಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಗೆ ಒಯ್ದು ಗಾಜು, ಬಂಗಾರದ ಬಣ್ಣದ ಪಟ್ಟಿ ಎಲ್ಲ ಹಾಕಿಸಿದೆವು. 650 ರೂಪಾಯಿ ಆಯಿತು. ಆಯಿ ಮಾತ್ರ ಆವತ್ತೇ, "ಕಸೂತಿಗೆ ಗಾಜ ಯಾಕ ಬೇಕವಾ?" ಅಂದರು. ನಾವು ನಕ್ಕು ಸುಮ್ಮನಾದೆವು.

ಬಹುಮಾನ ಬರಲಿಲ್ಲ. ಮೊದಲನೇ ಬಹುಮಾನ ಒಂದು ಖಣದ ಕುಪ್ಪಸದ ಪೀಸಿಗೆ ಹೋಯಿತು. ತೋಳಿನ ಅಂಚಿಗೆ ನಾಲ್ಕು ಬೆರಳಗಲ ಕಸೂತಿ, ಅಷ್ಟೇ. ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಗ್ಗಕ್ಕೆ ನೇತು ಹಾಕಿದ್ದರು. ಹೋದ ಬಂದವರೆಲ್ಲ ಅದನ್ನು ತಿರುಗಿಸಿ ನೋಡುತ್ತಿದ್ದರು.

ಸುಳ್ಳು ಹೇಳುವುದಿಲ್ಲ, ಮೊದಲ ಎರಡು ದಿನ ನಮ್ಮ ಬಾಯಲ್ಲಿ ಬಂದದ್ದು ವಶೀಲಿಯ ಮಾತೇ. ಅವರು ಇವರಿಗೆ ಬೇಕಾದವರಂತೆ, ಇವರು ಅವರ ಬೀಗರಂತೆ. ಎಂಟ್ರಿ ವಾಪಸ್ ಕೊಡುವಾಗ ಹಿಂದೆ ಅಂಟಿಸಿದ್ದ ಚೀಟಿ ನೋಡಿದೆವು. ಅಂಕದ ಕೆಳಗೆ ತೀರ್ಪುಗಾರರೊಬ್ಬರು ನೀಲಿ ಪೆನ್ನಿನಲ್ಲಿ ಬರೆದಿದ್ದರು: ಹಿಂಬದಿ ನೋಡಲಾಗಲಿಲ್ಲ.

ಅಲ್ಲಿಗೆ ವಶೀಲಿಯ ಮಾತು ನಿಂತಿತು. ಗವಂತಿಯ ಕಷ್ಟವೆಲ್ಲ ಇರುವುದು ಹಿಂದೆ. ಮುಂದೆ ಚೆಂದ ಕಾಣುವುದನ್ನು ಯಾರೂ ಹೇಗಾದರೂ ಮಾಡಬಹುದು, ಹಿಂದೆ ದಾರ ಜಿಗಿದಿಲ್ಲ, ಗಂಟಿಲ್ಲ, ಹೋದ ದಾರಿಯಲ್ಲೇ ಬಂದಿದೆ ಅನ್ನುವುದೇ ಕೈಚಳಕದ ಸಾಕ್ಷಿ. ನಾವು ಆ ಸಾಕ್ಷಿಗೇ ಹಲಗೆ ಬಡಿದು ಕೊಟ್ಟಿದ್ದೆವು. ತೀರ್ಪುಗಾರರು ಗಾಜು ಒಡೆದು ನೋಡಬೇಕಿತ್ತಾ? ಆಯಿ ಒಂದೇ ಮಾತು ಹೇಳಿದರು: "ಯುದ್ಧದಾಗ ಬೆನ್ನ ತೋರಿಸಿದವರು ಸೋಲ್ತಾರ. ನೀವು ಬೆನ್ನ ತೋರಸದ ಸೋತ್ರಿ."

ಇನ್ನೊಂದು ಕೆಟ್ಟ ಸುದ್ದಿ ಆಮೇಲೆ ಗೊತ್ತಾಯಿತು. ಕಟ್ಟು ಬಿಚ್ಚಿಸಿದರೆ, ಅಂಗಡಿಯವರು ಬಟ್ಟೆ ಸುಕ್ಕಾಗಬಾರದು ಅಂತ ಫೆವಿಕಾಲ್ ಹಚ್ಚಿ ಹಲಗೆಗೆ ಅಂಟಿಸಿದ್ದರು. ಒಂದು ಮೂಲೆ ಎಬ್ಬಿಸಿದ್ದಕ್ಕೇ ಎಳೆ ಕಿತ್ತು ಬಂತು. ಅಂಗಡಿಯವರದೇನು ತಪ್ಪು ಹೇಳಿ, ಹಿಂಬದಿ ಬೇಕು ಅಂತ ನಾವು ಹೇಳಿರಲೇ ಇಲ್ಲ. ಆ ತೇರು ಈಗ ಅಕ್ಕನ ಮನೆಯ ಪಡಸಾಲೆಯ ಗೋಡೆಯಲ್ಲಿದೆ.

ಎರಡನೇ ವರ್ಷ: ಯಾರ ಹೆಸರು?

ಮತ್ತೆ ಕೊಡೋಣ ಅಂತ ಅಕ್ಕನೇ ಅಂದರು, ನನಗೆ ಕೇಳುವ ಧೈರ್ಯ ಇರಲಿಲ್ಲ. ಈ ಸಲ ಅರ್ಜಿ ಜೊತೆಗಿದ್ದ ನಿಯಮದ ಹಾಳೆಯನ್ನು ಮೂರೂ ಜನ ಕೂತು ಓದಿದೆವು. ಓದುವಾಗ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು: ಸ್ವಂತ ಕೈಯಿಂದ ತಯಾರಿಸಿದ್ದಾಗಿರಬೇಕು.

ಮೊದಲ ವರ್ಷ ಆಯಿಯ ಹೆಸರಲ್ಲಿ ಕೊಟ್ಟಿದ್ದೆವು. ಹಿರಿಯರು, ಕಲೆ ಅವರದು, ಹೆಸರೂ ಅವರದೇ ಇರಲಿ ಅಂತ. ಆದರೆ ಸೂಜಿ ಹಿಡಿದವರು ಅಕ್ಕ. ಯಾರಾದರೂ ಆಯಿಯನ್ನು ಎದುರು ಕೂರಿಸಿ ನಾಲ್ಕು ಹೊಲಿಗೆ ಹಾಕಿ ತೋರಿಸಿ ಅಂದಿದ್ದರೆ? ಬಹುಮಾನ ಬಂದಿದ್ದರೆ ಆ ಪ್ರಶ್ನೆ ಬಂದೇ ಬರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಊಹೆ ಮಾಡುತ್ತಾ ಕೂರುವ ಬದಲು ಸಮಿತಿಯವರನ್ನೇ ಹೋಗಿ ಕೇಳಿದೆವು. ಸೂಜಿ ಯಾರದೋ ಹೆಸರು ಅವರದು, ಬೇಕಾದರೆ ವಿವರದ ಚೀಟಿಯಲ್ಲಿ ಮಾದರಿ ಹೇಳಿಕೊಟ್ಟವರು ಯಾರು ಅಂತ ಬರೆಯಿರಿ ಅಂದರು. ಸರಳವಾದ ಉತ್ತರ. ಮನೆಯಲ್ಲಿ ಅದು ಸರಳ ಆಗಲಿಲ್ಲ. ಆಯಿ ಎರಡು ದಿನ ಮಾತು ಬಿಟ್ಟರು. ಕಟ್ಟೆ ಮೇಲೆ ಬಂದು ಕೂತರು, ಆದರೆ ಎಣಿಕೆ ಹೇಳಲಿಲ್ಲ. ಅಕ್ಕನೂ ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಕ್ಕ ಬೇಕಂತಲೇ ತಪ್ಪು ಎಣಿಸಿ ಗಟ್ಟಿಯಾಗಿ ಹೇಳಿಕೊಂಡರಂತೆ, ಆಯಿಗೆ ತಡೆಯಲಾಗದೆ ಒಳಗಿನಿಂದಲೇ "ಐದಲ್ಲ, ನಾಕು!" ಅಂತ ಕೂಗಿದರಂತೆ. ಅಲ್ಲಿಗೆ ರಾಜಿ. ಅರ್ಜಿ ಅಕ್ಕನ ಹೆಸರಿನಲ್ಲಿ ಹೋಯಿತು.

ಬಟ್ಟೆ, ಮತ್ತು ಒಂದು ಎಳೆ

ಕರಿ ರೇಷ್ಮೆ ಬೇಡ ಅಂತ ತೀರ್ಮಾನ ಆಗಿತ್ತು. ತ್ರಿವರ್ಣ ಧ್ವಜದ ಖಾದಿ ನೇಯುವ ಗರಗ ನಮ್ಮ ತಾಲ್ಲೂಕಿನಲ್ಲೇ ಇದೆ, ಹಾಗಾಗಿ ಖಾದಿ ಮೇಲೆ ಮಾಡಿದರೆ ಊರಿನ ಬಟ್ಟೆ, ಊರಿನ ಕಸೂತಿ ಅಂತ ಒಂದು ಗತ್ತು ಇರುತ್ತದೆ ಅಂತ ನನ್ನ ಆಸೆ. (ನನ್ನ ಐಡಿಯಾಗಳ ಮೇಲೆ ಅಷ್ಟೊತ್ತಿಗೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ.) ಮನೆಯಲ್ಲಿದ್ದ ಒಂದು ಖಾದಿ ತುಂಡಿನ ಮೇಲೆ ಆಯಿ ಮೊದಲು ಒಂದೇ ಒಂದು ತುಳಸಿಕಟ್ಟೆ ಹಾಕಿಸಿ ನೋಡಿದರು. ಅದು ಕುಳ್ಳಗೆ, ಅಗಲವಾಗಿ, ಯಾರೋ ತಲೆ ಮೇಲೆ ಕೈಯಿಟ್ಟು ಒತ್ತಿದ ಹಾಗೆ ಬಂತು. ಆ ಬಟ್ಟೆಯಲ್ಲಿ ಹಾಸಿನ ಎಳೆಗೂ ಹೊಕ್ಕಿನ ಎಳೆಗೂ ದಪ್ಪ ಒಂದೇ ಇರಲಿಲ್ಲ. ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತು ಎಣಿಸಿದರೂ ಚೌಕ ಚೌಕವಾಗುವುದಿಲ್ಲ. ಅಂಗೈಯಗಲದ ತುಂಡು ಎರಡೂವರೆ ತಿಂಗಳು ಉಳಿಸಿತು. ಕೊನೆಗೆ ಆಯ್ದದ್ದು ದಾಳಿಂಬೆ ಬಣ್ಣದ ಇಳಕಲ್ ಹತ್ತಿ ಬಟ್ಟೆ, ಅರ್ಧ ಮೀಟರ್. ದಾರ ಆಂಕರ್‌ನದು. ಅದರ ಆರು ಎಳೆ ಬಿಡಿಸಿ ಎರಡು ಎಳೆ ಮಾತ್ರ ಸೂಜಿಗೆ. ಬಿಳಿ, ಹಳದಿ, ಗಿಳಿಹಸಿರು.

ಡಿಸೆಂಬರ್ ಕೊನೆಗೆ ತೇರಿನ ಮೂರನೇ ಅಂತಸ್ತಿನಲ್ಲಿ ತಪ್ಪಾಯಿತು. ಎಡಕ್ಕೆ ನಾಲ್ಕು ಎಳೆ ಬಿಟ್ಟು ಒಳಗೆ ಸರಿದ ಗೆರೆ ಬಲಕ್ಕೆ ಐದು ಎಳೆ ಸರಿದಿತ್ತು. ಒಂದು ಎಳೆ! ಮುಂದಿನಿಂದ ನೋಡಿದರೆ ನನಗೆ ಏನೂ ಕಾಣಲಿಲ್ಲ. ಆದರೆ ವಾಪಸ್ ಬರುವ ಹೊಲಿಗೆ ಮೊದಲಿನ ತೂತಿಗೆ ಬೀಳದೆ ಪಕ್ಕದಲ್ಲಿ ಬೀಳುತ್ತಿತ್ತು. ಅದರ ಮೇಲಿನ ಕಳಸ ಎಲ್ಲ ಒಂದು ಎಳೆ ವಾಲಿಕೊಂಡು ಹೋಗಿತ್ತು. ಒಂಬತ್ತು ದಿನದ ಕೆಲಸ.

ದಾರಿ ಮೂರಿತ್ತು. ಹಾಗೇ ಬಿಡುವುದು, ತಪ್ಪಿದ ಜಾಗದಲ್ಲಿ ಮೆಂತಿ ತುಂಬಿ ಮುಚ್ಚುವುದು, ಬಿಚ್ಚುವುದು. ಮೆಂತಿ ತುಂಬೋಣ ಅಂದವಳು ನಾನು. ಆಯಿ ಬಟ್ಟೆ ಕೈಗೆ ತೆಗೆದುಕೊಂಡು ಹಿಂಬದಿ ತಿರುಗಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಸವರಿಕೊಂಡು ಹೋಗಿ ಸರಿಯಾಗಿ ಆ ಜಾಗದಲ್ಲೇ ಬೆರಳು ನಿಲ್ಲಿಸಿದರು. "ಇಲ್ಲಿ ಉಬ್ಬೈತಿ. ನನ್ನ ಬೆರಳಿಗೆ ಸಿಕ್ಕಿದ್ದು ಅವರ ಕಣ್ಣಿಗೆ ಸಿಗೂದಿಲ್ಲೇನು? ಬಿಚ್ಚು."

ಬಿಚ್ಚುವುದರಲ್ಲೂ ಒಂದು ರೀತಿ ಇದೆ. ಕತ್ತರಿ ಮುಟ್ಟಲಿಲ್ಲ. ಸೂಜಿಯ ಹಿಂದಿನ ಮೊಂಡು ತುದಿಯಿಂದ ಒಂದೊಂದೇ ಹೊಲಿಗೆ ಎಬ್ಬಿಸಿ, ಬಂದ ದಾರಿಯಲ್ಲೇ ದಾರ ಹಿಂದಕ್ಕೆ ಎಳೆದು ತೆಗೆದರು. ಉಳಿದ ತೂತುಗಳಿಗೆ ಒದ್ದೆ ಬಟ್ಟೆ ಒತ್ತಿ, ಉಗುರಿನಿಂದ ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಮೆಲ್ಲಗೆ ಕೆರೆದರೆ ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಒಂದು ಸಂಜೆಯಲ್ಲಿ ತೂತುಗಳು ಕಣ್ಣಿಗೆ ಕಾಣದಷ್ಟು ಮುಚ್ಚಿದವು. ಬಿಚ್ಚಿದ ದಾರ ನವಿರು ಕಳೆದುಕೊಂಡಿರುತ್ತದೆ, ಹಾಗಾಗಿ ಹೊಸ ದಾರದಲ್ಲೇ ಮತ್ತೆ ಹೊಲಿದರು. ಒಂಬತ್ತು ದಿನ ಹೋದದ್ದಕ್ಕೆ ಬೆಲೆ ತೆರಬೇಕಾಯಿತು: ಎರಡು ಆನೆಯಲ್ಲಿ ಒಂದನ್ನು ಬಿಟ್ಟರು. ಆನೆಯ ಜಾಗಕ್ಕೆ ಸಣ್ಣ ನವಿಲು ಬಂತು. ಎಡಕ್ಕೆ ಆನೆ, ಬಲಕ್ಕೆ ನವಿಲು. ನನಗೆ ಇದೇ ಜಾಸ್ತಿ ಇಷ್ಟವಾಯಿತು, ಆಯಿಗೆ ಈಗಲೂ ಅಸಮಾಧಾನ.

ಕೊಡುವ ದಿನ

ಈ ಸಲ ಕಟ್ಟು ಇಲ್ಲ. ಲಂಗಕ್ಕೆ ಲಾಡಿ ತೂರಿಸಲು ಮಡಚಿ ಹೊಲಿಯುತ್ತೇವಲ್ಲ, ಹಾಗೆ ಬಟ್ಟೆಯ ಮೇಲಿನ ಅಂಚನ್ನು ಮಡಚಿ, ಒಳಗೆ ಒಂದು ತೆಳು ಬಿದಿರಿನ ಕಡ್ಡಿ ತೂರಿಸಿ, ಎರಡೂ ತುದಿಗೆ ದಾರ ಕಟ್ಟಿದೆವು. ತೂಗು ಹಾಕಿದರೆ ಎರಡೂ ಮುಖ ಕಾಣುತ್ತದೆ, ಬೇಕಾದವರು ತಿರುಗಿಸಬಹುದು.

ಎಂಟ್ರಿ ನಂಬರನ್ನು ಅಲ್ಲಿಯ ಹುಡುಗರು ಬಟ್ಟೆಗೇ ಸ್ಟೇಪ್ಲರ್ ಹೊಡೆಯುತ್ತಾರೆ, ಹಿಂದಿನ ವರ್ಷ ಯಾರದೋ ಕ್ರೋಶಾ ಹಾಗೇ ಹರಿದದ್ದನ್ನು ನೋಡಿದ್ದೆವು. ಅದಕ್ಕೆ ಕಡ್ಡಿಗೆ ಮೊದಲೇ ಒಂದು ರಟ್ಟಿನ ಚೀಟಿ ಕಟ್ಟಿ, ನಂಬರ್ ಇಲ್ಲಿ ಬರೆಯಿರಿ ಅಂತ ಬರೆದುಕೊಂಡು ಹೋದೆವು. ಹುಡುಗ ಸ್ಟೇಪ್ಲರ್ ಕೈಗೆತ್ತಿಕೊಂಡಿದ್ದ, ಚೀಟಿ ನೋಡಿ ಕೆಳಗಿಟ್ಟ.

ವಿವರದ ಚೀಟಿಯಲ್ಲಿ ನಾಲ್ಕು ಸಾಲು ಬರೆದೆ. ಎಳೆ ಎಣಿಸಿ ಮಾಡಿದ್ದು, ಗುರುತು ಹಾಕಿಲ್ಲ. ತೇರಿನ ಗೆರೆಗಳು ಗವಂತಿ, ಮೆಟ್ಟಿಲು ಮುರ್ಗಿ. ಆನೆಯ ಜೂಲು ಮಾತ್ರ ಮೆಂತಿ. ಮಾದರಿ ಹೇಳಿಕೊಟ್ಟವರು ಅತ್ತೆ. ಮೂರನೇ ಸಾಲು ಬೇಕಂತಲೇ ಬರೆದದ್ದು. ತೀರ್ಪಿಗೆ ಬರುವ ಎಲ್ಲರೂ ಕಸೂತಿಯವರೇ ಇರುವುದಿಲ್ಲ, ಹಿಂಬದಿ ಮುಂಬದಿ ಒಂದೇ ಇರಬೇಕು ಅಂತಷ್ಟೇ ಗೊತ್ತಿರುವವರು ಮೆಂತಿಯ ಹಿಂಬದಿ ನೋಡಿ ತಪ್ಪು ಅಂದುಕೊಳ್ಳಬಹುದು. ತೀರ್ಪಿನ ಹೊತ್ತಿಗೆ ನಾವು ಪಕ್ಕದಲ್ಲಿ ನಿಂತು ಹೇಳುವ ಹಾಗಿಲ್ಲ, ಚೀಟಿಯೇ ಹೇಳಬೇಕು.

ಆದದ್ದು

ಎರಡನೇ ಬಹುಮಾನ ಬಂತು. ಪ್ರಮಾಣಪತ್ರ ಮತ್ತು ಒಂದು ಸ್ಟೀಲ್ ಡಬ್ಬಿ. ಹಿಂಬದಿ ಉತ್ತಮ ಅಂತ ಚೀಟಿಯಲ್ಲಿ ಬರೆದಿದ್ದರು. ಅದರ ಕೆಳಗೇ: ಅಂಚು ಯಂತ್ರದ್ದು.

ಅಕ್ಕ ಬಟ್ಟೆಯ ನಾಲ್ಕೂ ಅಂಚಿಗೆ ಪಿಕೋ ಹೊಡೆದಿದ್ದರು! ಇಪ್ಪತ್ತು ವರ್ಷದಿಂದ ಯಾವ ಬಟ್ಟೆ ಕೈಗೆ ಬಂದರೂ ಅಂಚಿಗೆ ಪಿಕೋ ಹೊಡೆದವರು ಅವರು, ಕೈ ತಾನಾಗಿಯೇ ಮಷಿನ್ ಹತ್ತಿರ ಹೋಗಿದೆ. ಪೂರ್ತಿ ಕೈಕೆಲಸ ಅನ್ನುವ ಸಾಲನ್ನು ಮೂರು ಜನ ಕೂತು ಓದಿದ್ದೆವು. ಮೂವರಿಗೂ ಅದು ಕಸೂತಿಯ ಬಗ್ಗೆ ಅಂತಲೇ ಅನ್ನಿಸಿತ್ತು, ಅಂಚು ನೆನಪೇ ಆಗಿರಲಿಲ್ಲ. ಚೀಟಿ ಓದಿ ಅಕ್ಕ ಎಷ್ಟು ನಕ್ಕರೆಂದರೆ ಪಕ್ಕದ ಮಳಿಗೆಯವರು ಬಂದು ಏನಾಯ್ತ್ರಿ ಅಂತ ಕೇಳಿದರು.

ಇದೇ ಸೋಲು ಮೊದಲ ವರ್ಷ ಆಗಿದ್ದರೆ ಅಳು ಬರುತ್ತಿತ್ತು. ಈ ವರ್ಷ ನಗು ಬಂತು, ಯಾಕೆಂದರೆ ಎಲ್ಲಿ ತಪ್ಪಿದೆವು ಅಂತ ಗೊತ್ತಿತ್ತು. ಬಹುಮಾನಕ್ಕಿಂತ ಆ ಚೀಟಿಯೇ ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು. ನೀವು ಯಾವುದಾದರೂ ಸ್ಪರ್ಧೆಗೆ ಕೊಡುವವರಿದ್ದರೆ, ಫಲಿತಾಂಶದ ದಿನ ಸಿಟ್ಟು ಬಂದರೂ ಅಂಕದ ಚೀಟಿ ಕೇಳಿ ತೆಗೆದುಕೊಳ್ಳಿ. ಕೌದಿಯಾಗಲಿ, ಕ್ರೋಶಾವಾಗಲಿ, ನಿಮ್ಮ ಕೆಲಸದ ಕಷ್ಟ ಯಾವ ಕಡೆ ಇದೆಯೋ ಆ ಕಡೆ ನೋಡುವವರ ಕೈಗೆ ಸಿಗುವ ಹಾಗೆ ಇಡಿ. ಕೌದಿಯನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಟ್ಟವರನ್ನೂ ನೋಡಿದ್ದೇನೆ, ಒಳಗಿನ ಸಾಲು ಸಾಲು ಹೊಲಿಗೆ ಯಾರಿಗೆ ಕಾಣಬೇಕು?

ಪ್ರದರ್ಶನದ ಕೊನೇ ದಿನ ಒಬ್ಬರು ಬಂದು ಇಂಥದ್ದೇ ಒಂದನ್ನು 300 ರೂಪಾಯಿಗೆ ಮಾಡಿಕೊಡ್ತೀರಾ ಅಂತ ಕೇಳಿದರು. ಅಕ್ಕ ಏನೂ ಹೇಳದೆ ಬಟ್ಟೆ ತಿರುಗಿಸಿ ಹಿಂಬದಿ ತೋರಿಸಿದರು. ಅವರು ಸ್ವಲ್ಪ ಹೊತ್ತು ನೋಡಿ, ಇದೇ ಮುಂದಿನದಾ ಅಂದರು. ಮತ್ತೆ ರೇಟು ಕೇಳಲಿಲ್ಲ. ಇನ್ನೊಬ್ಬರು ಮಗಳ ಮದುವೆಗೆ ಇಳಕಲ್ ಸೀರೆಯ ಸೆರಗಿಗೆ ಹಾಕಿಕೊಡಿ ಅಂತ ಸರಿಯಾದ ದುಡ್ಡಿಗೇ ಒಪ್ಪಿಕೊಂಡು ಹೋದರು. ಆ ಕೆಲಸ ಈಗ ನಡೆಯುತ್ತಿದೆ.

ಈ ವರ್ಷದ ಅರ್ಜಿ ಬಂದಿದೆ. ಮದುವೆ ಸೀರೆ ಮುಗಿಯದೆ ಹೊಸದು ಶುರು ಮಾಡುವ ಹಾಗಿಲ್ಲ, ಕೊಡುತ್ತಾರೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ಆದರೆ ನಿಯಮದ ಹಾಳೆಯನ್ನು ಅಕ್ಕ ಪಿಕೋ ಮಷಿನ್ನಿನ ತಲೆ ಮೇಲೆ ಸೆಲ್ಲೋಟೇಪ್ ಹಾಕಿ ಅಂಟಿಸಿದ್ದಾರೆ. ಕಟ್ಟೆ ಮೇಲೆ ಆಯಿಯ ಎಣಿಕೆ ನಡೆದೇ ಇದೆ. ಮೊನ್ನೆ ಹೋದಾಗ ಬಲಗಡೆಯ ಆನೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು, ಸೊಂಡಿಲಿನಿಂದ.